ಬೆಂಗಳೂರಿನ ಚಳಿಗೆ ಬೆಣ್ಣೆ ನಾನ್‌ಕಟಾಯಿ

ಬೆಳಿಗ್ಗೆ ಎದ್ದು ನೋಡುವಾಗ ಬಾಟಲಿಯ ತೆಂಗಿನೆಣ್ಣೆ ಬಿಳಿ ಮೇಣದ ಹಾಗೆ ಗಟ್ಟಿಯಾಗಿ ಕೂತಿದ್ದರೆ ಸಾಕು, ನಂದಿನಿ ಲೇಔಟಿನ ಬ್ಯಾರಿ ಮನೆಗಳಿಗೆ ಚಳಿಗಾಲ ಬಂತೆಂದು ಯಾರೂ ಹೇಳಬೇಕಾಗಿಲ್ಲ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಂಗಳೂರು, ಉಳ್ಳಾಲ, ಬಂಟ್ವಾಳದ ಕಡೆ ಇದು ಅಪರೂಪ. ಆದರೆ ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಇಲ್ಲಿ 15-16 ಡಿಗ್ರಿ ಸಾಮಾನ್ಯ. 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದ ದಾಖಲೆಯೂ ಇದೆ. ಕರಾವಳಿಯ ಸೆಕೆಯಲ್ಲಿ ಬೆಳೆದ ನಮಗೆ ಸುಬ್‌ಹಿ ನಮಾಝಿಗೆ ವುಳೂ ಮಾಡುವಾಗಲೇ ಈ ಊರಿನ ಚಳಿ ಏನೆಂದು ಗೊತ್ತಾಗುತ್ತದೆ.

ಈ ಚಳಿಗೆ ಬಿಸಿ ಚಹಾ ಬೇಕು, ಚಹಾಕ್ಕೆ ಅದ್ದಲು ಏನಾದರೂ ಬೇಕು. ಊರಲ್ಲಾದರೆ ನೈಯಪ್ಪ, ಗುಳಿಯಪ್ಪ ಎಂದು ಏನಾದರೊಂದು ಆಗುತ್ತಿತ್ತು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಸಹಾಯಕ್ಕೆ ಮಾಮಿಯೋ ನಾದಿನಿಯೋ ಇಲ್ಲದ ಕಡೆ, ದಿನವೂ ಅಕ್ಕಿ ಅರೆದು ಅಪ್ಪ ಸುಡುವುದು ಆಗುವ ಮಾತಲ್ಲ. ಹಾಗಾಗಿ ಬೇಕರಿಯ ಪ್ಯಾಕೆಟು ಮನೆಗೆ ಬರುತ್ತದೆ. ಅದರ ಬದಲು ತಿಂಗಳಿಗೆ ಎರಡು ಸಲ, ಒಂದೊಂದು ಗಂಟೆ ಕೂತು ಮಸಾಲೆ ಹಾಕಿದ ಬೆಣ್ಣೆ ನಾನ್‌ಕಟಾಯಿ ಮಾಡಿ ಡಬ್ಬಿ ತುಂಬಿಟ್ಟರೆ ಏನೇನು ಲಾಭ ಎಂದು ಹೇಳುವುದೇ ಈ ವಾರದ ಬರಹ. ಲಾಭ ನಾಲಿಗೆಗೆ ಮಾತ್ರ ಅಲ್ಲ. ಒಬ್ಬಳೇ ಖಳಾ ನೋಂಬು ಹಿಡಿಯುವ ಉಮ್ಮನಿಗೆ, ಮಗ್ರಿಬ್ ನಂತರ ಮದ್ರಸದಿಂದ ಬರುವ ಮಕ್ಕಳಿಗೆ, ಪಕ್ಕದ ಮನೆಯ ಬಾಗಿಲಿಗೆ, ಮೂರಕ್ಕೂ ಈ ಒಂದು ಡಬ್ಬಿ ಸಾಕಾಗುತ್ತದೆ.

ಬಿಸ್ಕತ್ತಿನ ದಾರಿ

ನಾನ್‌ಕಟಾಯಿ ಎಂಬ ಹೆಸರಿನಲ್ಲಿರುವ 'ನಾನ್' ಫಾರ್ಸಿ ಭಾಷೆಯ ರೊಟ್ಟಿ. ಇದು ಸೂರತ್ತಿನಲ್ಲಿ ಹುಟ್ಟಿತು, ಡಚ್ಚರ ಬೇಕರಿಯನ್ನು ಮುಂದುವರಿಸಿದ ದೋತಿವಾಲಾ ಎಂಬ ಪಾರ್ಸಿ ಮನೆತನದ ಕೈಯಲ್ಲಿ ಹೆಸರಾಯಿತು ಎಂಬುದು ಪ್ರಸಿದ್ಧ ಕಥೆ. ಸೂರತ್ತು ಬಂದರು, ನಮ್ಮ ಮಂಗಳೂರೂ ಬಂದರು. ಒಂದು ಬಂದರಿನ ತಿಂಡಿ ಇನ್ನೊಂದಕ್ಕೆ ಬರಲು ಹೆಚ್ಚು ಕಾಲ ಬೇಡ.

ನಮ್ಮ ತೀರದಲ್ಲೇ ದಕ್ಷಿಣಕ್ಕೆ ಹೋದರೆ ತಲಶ್ಶೇರಿ. ಅಲ್ಲಿ ಮಾಂಬಳ್ಳಿ ಬಾಪು ಎಂಬವರು 1880ರಲ್ಲಿ ರಾಯಲ್ ಬಿಸ್ಕಟ್ ಫ್ಯಾಕ್ಟರಿ ತೆರೆದರು. 1883ರಲ್ಲಿ ಅವರಿಂದ ಕ್ರಿಸ್ಮಸ್ ಕೇಕ್ ಮಾಡಿಸಿದ ಮರ್ಡಾಕ್ ಬ್ರೌನ್, ಅಂಜರಕಂಡಿಯಲ್ಲಿ ದಾಲ್ಚಿನ್ನಿ ತೋಟ ನಡೆಸುತ್ತಿದ್ದವರು. ಇತ್ತ ಬೆಂಗಳೂರಲ್ಲಿ 1898ರಲ್ಲಿ ಹಾಸನ ಮೂಲದ ಎಚ್.ಎಸ್. ತಿರುಮಲಾಚಾರ್ ಮತ್ತು ಸಹೋದರರು ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರು ಮಾಡಿದರು. ಅಯ್ಯಂಗಾರ್ ಬೇಕರಿಗಳ ಪರಂಪರೆ ಹುಟ್ಟಿದ್ದು ಹೀಗೆ. ಅವರ ಖಾರ ಬಿಸ್ಕತ್ತು, ಬೆಣ್ಣೆ ಬಿಸ್ಕತ್ತು ಇಂದು ಈ ನಗರದ ಮೂಲೆ ಮೂಲೆಯಲ್ಲೂ ಸಿಗುತ್ತದೆ.

ಪಾರ್ಸಿಗಳು, ಮಲಯಾಳಿಗಳು, ಅಯ್ಯಂಗಾರರು, ಯುರೋಪಿನವರು ಎಲ್ಲರೂ ಕೈ ಹಾಕಿದ ತಿಂಡಿ ಇದು. ಬ್ಯಾರಿ ಎಂಬ ಹೆಸರೇ ವ್ಯಾಪಾರದಿಂದ ಬಂತು ಎಂದು ಹಲವರು ಹೇಳುತ್ತಾರೆ. ಹಾಗಿರುವಾಗ ಬೆಂಗಳೂರಿನ ಬೆಣ್ಣೆ ಮತ್ತು ಕರಾವಳಿಯ ಒಳ್ಳೆಮೆಣಸನ್ನು ಒಂದೇ ಪಾತ್ರೆಯಲ್ಲಿ ಕಲಸಲು ನಮಗಿಂತ ಸರಿಯಾದವರು ಯಾರು?

ಬೆಣ್ಣೆಯೇ ಯಾಕೆ?

ಬೇಕರಿಗಳಲ್ಲಿ ಖರ್ಚು ಉಳಿಸಲು ಬೆಣ್ಣೆಯ ಬದಲು ವನಸ್ಪತಿ ಹಾಕುವುದು ಸಾಮಾನ್ಯ. ದ್ರವ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ್ದೇ ವನಸ್ಪತಿ. ಹಾಗೆ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೇಡು. ಅದಕ್ಕಾಗಿಯೇ ಎಫ್‌ಎಸ್‌ಎಸ್‌ಎಐ, ಎಣ್ಣೆ ಮತ್ತು ಕೊಬ್ಬಿನಲ್ಲಿ ಇದರ ಮಿತಿಯನ್ನು 2021ರಲ್ಲಿ ಶೇ. 3ಕ್ಕೆ, 2022ರ ಜನವರಿಯಿಂದ ಶೇ. 2ಕ್ಕೆ ಇಳಿಸಿತು. ಮನೆಯಲ್ಲಿ ಮಾಡಿದರೆ ಈ ಲೆಕ್ಕದ ತಲೆಬಿಸಿಯೇ ಇಲ್ಲ. ಏನು ಹಾಕಿದ್ದೇವೆಂದು ನಮಗೇ ಗೊತ್ತಿರುತ್ತದೆ.

ರುಚಿಯಲ್ಲೂ ವ್ಯತ್ಯಾಸ ಇದೆ. ಬೆಣ್ಣೆ ನಮ್ಮ ಮೈಯ ಬಿಸಿಗಿಂತ ತುಸು ಕಡಿಮೆ ಶಾಖದಲ್ಲೇ ಕರಗುತ್ತದೆ. ಬಾಯಿಗೆ ಹಾಕಿದ ತಕ್ಷಣ ಬಿಸ್ಕತ್ತು ಕರಗುವುದು ಅದರಿಂದ. ವನಸ್ಪತಿ ಪೂರ್ತಿ ಕರಗುವುದಿಲ್ಲ, ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ. ಚಳಿಯಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಹಾಗೆಂದು ಬೆಣ್ಣೆ ಔಷಧಿಯಲ್ಲ. ಅದರಲ್ಲೂ ಕೊಬ್ಬಿದೆ, ಬಿಸ್ಕತ್ತಿನಲ್ಲಿ ಸಕ್ಕರೆಯೂ ಇದೆ. ಸಕ್ಕರೆ ಕಾಯಿಲೆ ಇರುವ ಹಿರಿಯರ ತಟ್ಟೆಗೆ ನಾಲ್ಕು ಹಾಕಿ "ತಿನ್ನಿ, ಮನೆಯದ್ದೇ ಅಲ್ವಾ" ಎನ್ನುವುದು ಪ್ರೀತಿ ಅಲ್ಲ.

ಮಸಾಲೆ ಮತ್ತು ಜಾಯಿಕಾಯಿ ಮಾತು

ಅಂಗಡಿಯ ಎಸೆನ್ಸ್ ಬಾಟಲಿ ತಂದರೆ ಅದರಲ್ಲಿ ಆಲ್ಕೋಹಾಲ್ ಇದೆಯೋ ಇಲ್ಲವೋ ಎಂದು ಓದುತ್ತಾ ಕೂರಬೇಕು. ಏಲಕ್ಕಿ, ಚಕ್ಕೆ, ಲವಂಗ, ಒಣಶುಂಠಿ, ಒಳ್ಳೆಮೆಣಸು ಹಾಕಿದರೆ ಆ ಸಂಶಯವೇ ಬರುವುದಿಲ್ಲ. ಪರಿಮಳವೂ ಎಸೆನ್ಸಿಗಿಂತ ಮೇಲು. ಪುಡಿಯ ಪ್ಯಾಕೆಟಿಗಿಂತ ಇಡಿಯ ಮಸಾಲೆಯನ್ನು ಬಾಣಲೆಯಲ್ಲಿ ಒಂದು ನಿಮಿಷ ಬೆಚ್ಚಗೆ ಮಾಡಿ ಆಗಲೇ ಕುಟ್ಟಿದರೆ ಒಳ್ಳೆಯದು.

ಜಾಯಿಕಾಯಿ ಬಗ್ಗೆ ಒಂದು ಮಾತು ಹೇಳಲೇಬೇಕು. ಇದನ್ನು ಹೆಚ್ಚು ತಿಂದರೆ ತಲೆ ಸುತ್ತು, ವಾಂತಿ, ಮಂಪರು ಬರುತ್ತದೆ. ಶಾಫಿಈ ಮದ್‌ಹಬಿನ ಗ್ರಂಥಗಳಲ್ಲಿ ಈ ವಿಷಯ ಚರ್ಚೆಯಾಗಿದೆ. ಅಮಲು ತರುವಷ್ಟು ಪ್ರಮಾಣ ನಿಷಿದ್ಧ ಎಂಬುದರಲ್ಲಿ ಎರಡು ಮಾತಿಲ್ಲ. ಇಬ್ನು ಹಜರ್ ಹೈತಮಿಯವರ ನಿಲುವು ಕಟ್ಟುನಿಟ್ಟು. ಇಮಾಂ ರಮ್ಲಿಯವರು ಅಡುಗೆಗೆ ಬೇಕಾದ ಅಲ್ಪ ಪ್ರಮಾಣಕ್ಕೆ ಅವಕಾಶ ಕೊಟ್ಟಿದ್ದಾರೆ. 30 ಬಿಸ್ಕತ್ತಿಗೆ ಎರಡು ಚಿಟಿಕೆ ಹಾಕುವುದು ಆ ಅಲ್ಪದ ಒಳಗೇ ಬರುತ್ತದೆ. ಅದೂ ಬೇಡ ಎನ್ನುವವರು ಬಿಟ್ಟುಬಿಡಲಿ, ಏಲಕ್ಕಿ ಎರಡು ಹೆಚ್ಚು ಹಾಕಲಿ. ರುಚಿಗೆ ಏನೂ ಕೊರತೆಯಾಗದು.

ಮಾಡುವ ಬಗೆ

ಬೇಕಾದದ್ದು: ಮೈದಾ 250 ಗ್ರಾಂ, ಕಡಲೆಹಿಟ್ಟು 50 ಗ್ರಾಂ, ಉಪ್ಪಿಲ್ಲದ ಬೆಣ್ಣೆ 200 ಗ್ರಾಂ, ಪುಡಿ ಮಾಡಿದ ಸಕ್ಕರೆ 120 ಗ್ರಾಂ, ಬೇಕಿಂಗ್ ಪೌಡರ್ ಅರ್ಧ ಚಮಚ, ಉಪ್ಪು ಒಂದು ಚಿಟಿಕೆ. ಮಸಾಲೆಗೆ ಏಲಕ್ಕಿ 8, ಲವಂಗ 3, ಒಂದು ಇಂಚು ಚಕ್ಕೆ, ಒಳ್ಳೆಮೆಣಸು 8 ಕಾಳು, ಒಣಶುಂಠಿ ಪುಡಿ ಅರ್ಧ ಚಮಚ. ನಂದಿನಿ ಬೂತಿನಲ್ಲಿ ಸಿಗುವ ಉಪ್ಪಿಲ್ಲದ ಬೆಣ್ಣೆ ಇದಕ್ಕೆ ಚೆನ್ನ. ತುಪ್ಪ ಹಾಕುವವರು 165 ಗ್ರಾಂ ಮಾತ್ರ ಹಾಕಿ. ಬೆಣ್ಣೆಯಲ್ಲಿ ಸುಮಾರು ಆರನೇ ಒಂದು ಭಾಗ ನೀರಿರುತ್ತದೆ, ತುಪ್ಪದಲ್ಲಿ ಇರುವುದಿಲ್ಲ.

ಊರಲ್ಲಿ ಬೆಣ್ಣೆ ಹೊರಗಿಟ್ಟ ಅರ್ಧ ಗಂಟೆಯಲ್ಲಿ ಮೆತ್ತಗಾಗುತ್ತದೆ. ಇಲ್ಲಿ ಡಿಸೆಂಬರ್‌ನಲ್ಲಿ ಎರಡು ಗಂಟೆಯಾದರೂ ಬೇಕು. ಅವಸರಕ್ಕೆ ಒಲೆಯ ಮೇಲಿಟ್ಟು ಕರಗಿಸಬೇಡಿ. ಕರಗಿದ ಬೆಣ್ಣೆಯಲ್ಲಿ ಗಾಳಿ ನಿಲ್ಲುವುದಿಲ್ಲ, ಬಿಸ್ಕತ್ತು ಹರಡಿ ದೋಸೆಯಾಗುತ್ತದೆ. ಬೆಣ್ಣೆಯನ್ನು ಸಣ್ಣಗೆ ಹೆಚ್ಚಿ, ಪಾತ್ರೆಯನ್ನು ಉಗುರು ಬೆಚ್ಚಗಿನ ನೀರಿನ ಮೇಲೆ ಐದು ನಿಮಿಷ ಕೂರಿಸಿದರೆ ಹದಕ್ಕೆ ಬರುತ್ತದೆ.

ಬೆಣ್ಣೆ, ಸಕ್ಕರೆ ಸೇರಿಸಿ ಬಣ್ಣ ಬಿಳಿಯಾಗುವ ತನಕ ಒಂದೇ ದಿಕ್ಕಿಗೆ ತಿರುವಿ, ಎಂಟು-ಹತ್ತು ನಿಮಿಷ. ಮೈದಾ, ಕಡಲೆಹಿಟ್ಟು, ಬೇಕಿಂಗ್ ಪೌಡರ್, ಉಪ್ಪು, ಮಸಾಲೆ ಜರಡಿ ಹಿಡಿದು ಹಾಕಿ. ಬೆರಳ ತುದಿಯಲ್ಲಿ ಸೇರಿಸಿದರೆ ಸಾಕು, ಚಪಾತಿ ಹಿಟ್ಟಿನಂತೆ ನಾದಬಾರದು. ನಾದಿದರೆ ಗಟ್ಟಿಯಾಗುತ್ತದೆ. ನೀರು, ಹಾಲು ಬೇಡ. ಅರ್ಧ ಗಂಟೆ ಮುಚ್ಚಿಡಿ. ಈ ಚಳಿಯಲ್ಲಿ ಫ್ರಿಜ್ಜಿನ ಅಗತ್ಯ ಇಲ್ಲ. ಸಣ್ಣ ನಿಂಬೆಯಷ್ಟು ಉಂಡೆ ಮಾಡಿ, ಮೆಲ್ಲಗೆ ಒತ್ತಿ, ನಡುವೆ ಒಂದು ಬಾದಾಮಿ ಚೂರು ಇಡಿ. ಸುಮಾರು 30 ಆಗುತ್ತದೆ.

ಓವನ್ ಇದ್ದರೆ 160 ಡಿಗ್ರಿಯಲ್ಲಿ 18ರಿಂದ 20 ನಿಮಿಷ. ಇಲ್ಲದವರು ದೊಡ್ಡ ಕುಕ್ಕರಿನ ಗ್ಯಾಸ್ಕೆಟ್ ಮತ್ತು ವಿಸಿಲ್ ಎರಡನ್ನೂ ತೆಗೆದಿಟ್ಟು, ತಳಕ್ಕೆ ಒಂದು ಲೋಟ ಪುಡಿ ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಕಾಯಿಸಿ. ಬಟರ್ ಪೇಪರ್ ಹಾಕಿದ ತಟ್ಟೆಯಲ್ಲಿ ಉಂಡೆಗಳನ್ನು ದೂರ ದೂರ ಇಟ್ಟು, ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬೇಯಿಸಿ. ಒಳಗೆ ನೀರು ಹಾಕಬೇಡಿ. ಅಂಚು ತೆಳು ಕಂದು ಆದಾಗ ಹೊರಗೆ ತೆಗೆಯಿರಿ. ಆಗ ಮುಟ್ಟಿದರೆ ಮೆತ್ತಗೇ ಇರುತ್ತದೆ. ಬೆಂದಿಲ್ಲವೆಂದು ಮತ್ತೆ ಇಟ್ಟರೆ ಸೀದು ಹೋಗುತ್ತದೆ. ತಣಿಯುವಾಗ ತಾನೇ ಗರಿಯಾಗುತ್ತದೆ. ಪೂರ್ತಿ ತಣಿದ ಮೇಲೆ ಸ್ಟೀಲ್ ಡಬ್ಬಿಗೆ ಹಾಕಿದರೆ ಎರಡು ವಾರಕ್ಕೆ ತೊಂದರೆ ಇಲ್ಲ.

ಖಳಾ ನೋಂಬಿನ ಸಂಜೆ

ಚಳಿಗಾಲವನ್ನು ವಿಶ್ವಾಸಿಯ ವಸಂತ ಎಂದು ಹಿರಿಯರು ಕರೆದಿದ್ದಾರೆ. ಹಗಲು ಸಣ್ಣದು, ನೋಂಬಿಗೆ ಸುಲಭ. ರಾತ್ರಿ ಉದ್ದ, ನಮಾಝಿಗೆ ಸಮಯ. ಡಿಸೆಂಬರಿನ ಹೆಚ್ಚಿನ ದಿನಗಳಲ್ಲಿ ಬೆಂಗಳೂರಿನಲ್ಲಿ 6 ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ದಾಹವೂ ಕಡಿಮೆ. ಹೆರಿಗೆ, ಕಾಯಿಲೆ, ಮುಟ್ಟು, ಪ್ರಯಾಣದಿಂದ ರಮಳಾನಿನಲ್ಲಿ ತಪ್ಪಿದ ನೋಂಬುಗಳನ್ನು ತೀರಿಸಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ನಮ್ಮ ಶಾಫಿಈ ಮದ್‌ಹಬಿನ ಪ್ರಕಾರ ಕಾರಣವಿಲ್ಲದೆ ಮುಂದಿನ ರಮಳಾನ್ ತನಕ ಮುಂದೂಡಿದರೆ, ಖಳಾ ತೀರಿಸುವುದರ ಜೊತೆಗೆ ದಿನಕ್ಕೊಂದು ಮುದ್ದ್ ಧಾನ್ಯ ಫಿದ್ಯವೂ ಬರುತ್ತದೆ. ರಮಳಾನ್ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತಾ ಚಳಿಗಾಲದ ಹತ್ತಿರ ಬರುತ್ತಿದೆ. 2030ರಲ್ಲಿ ಜನವರಿಯಲ್ಲೊಂದು, ಡಿಸೆಂಬರ್ ಕೊನೆಗೆ ಇನ್ನೊಂದು ಎಂದು ಎರಡು ಸಲ ಶುರುವಾಗುವ ಲೆಕ್ಕ.

ರಮಳಾನಿನಲ್ಲಿ ಇಡೀ ಮನೆ ಕೂಡಿ ನೋಂಬು ಹಿಡಿಯುತ್ತದೆ, ಇಫ್ತಾರಿಗೆ ಹತ್ತು ಬಗೆ ಇರುತ್ತದೆ. ಖಳಾ ನೋಂಬಿನ ದಿನ ಅವಳು ಒಬ್ಬಳೇ. ಮಧ್ಯಾಹ್ನ ಬೇರೆಯವರಿಗೆ ಅನ್ನ ಬಡಿಸುತ್ತಾಳೆ, ಮಕ್ಕಳನ್ನು ಶಾಲೆಯಿಂದ ಕರೆತರುತ್ತಾಳೆ, ಬಾಂಗ್ ಆಗುವಾಗ ಒಲೆಯ ಮುಂದೆಯೇ ನಿಂತಿರುತ್ತಾಳೆ. ಅವಳು ನೋಂಬು ಎಂಬುದು ಎಷ್ಟೋ ಮನೆಗಳಲ್ಲಿ ಗಂಡಸರ ನೆನಪಿಗೇ ಬರುವುದಿಲ್ಲ. ಗಂಡಂದಿರಲ್ಲಿ, ದೊಡ್ಡ ಮಕ್ಕಳಲ್ಲಿ ನಾವು ಕೇಳುವುದು ಇಷ್ಟೇ: ಆ ದಿನ ಸುನ್ನತ್ತಿನಂತೆ ಖರ್ಜೂರ, ನೀರು ನೀವು ಎದುರಿಗಿಡಿ. ಚಹಾ ನೀವು ಮಾಡಿ. ಡಬ್ಬಿ ತೆಗೆದು ಎರಡು ನಾನ್‌ಕಟಾಯಿ ತಟ್ಟೆಯಲ್ಲಿಡಿ. ಅಷ್ಟು ಹೊತ್ತು ಅವಳು ಕೂತಿರಲಿ. ಊಟ ಆಮೇಲೆ ಆಗುತ್ತದೆ. ಸಾಧ್ಯವಾದರೆ ಹಿಂದಿನ ರವಿವಾರ ಹಿಟ್ಟು ತಿರುವಲೂ ಕೈ ಹಾಕಿ. ಎಂಟು ನಿಮಿಷ ಬೆಣ್ಣೆ ತಿರುವುದು ಗಂಡಸಿನ ತೋಳಿಗೆ ಭಾರವಲ್ಲ.

ಪಕ್ಕದ ಬಾಗಿಲು

ನಂದಿನಿ ಲೇಔಟ್, ಮಹಾಲಕ್ಷ್ಮಿ ಲೇಔಟ್, ಲಗ್ಗೆರೆ ಕಡೆ ನಮ್ಮ ಮನೆಗಳು ಅಲ್ಲೊಂದು ಇಲ್ಲೊಂದು. ಮೇಲಿನ ಮಹಡಿಯಲ್ಲಿ ಲಿಂಗಾಯತರು, ಕೆಳಗೆ ಗೌಡರು, ಎದುರು ಬ್ರಾಹ್ಮಣರು ಇರಬಹುದು. ನಮ್ಮ ಬಿರಿಯಾನಿ ಅವರಲ್ಲಿ ಎಲ್ಲರಿಗೂ ಆಗುವುದಿಲ್ಲ. ಈ ನಾನ್‌ಕಟಾಯಿಗೆ ಮೊಟ್ಟೆ ಇಲ್ಲ. ಹಲವು ಅಯ್ಯಂಗಾರ್ ಬೇಕರಿಗಳೂ ಮೊಟ್ಟೆ ಹಾಕುವುದಿಲ್ಲ, ಆದ್ದರಿಂದ ಮೊಟ್ಟೆಯಿಲ್ಲದ ಬಿಸ್ಕತ್ತು ಈ ಊರಿಗೆ ಹೊಸದಲ್ಲ. ಸಾರು ಮಾಡುವಾಗ ನೀರು ಸ್ವಲ್ಪ ಹೆಚ್ಚು ಹಾಕಿ ನೆರೆಯವರನ್ನು ನೆನೆಯಿರಿ ಎಂದು ಪ್ರವಾದಿ(ಸ) ಅಬೂದರ್‌ರಿಗೆ(ರ) ಹೇಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಅಲ್ಲಿ 'ನೆರೆಯವರು' ಎಂದಷ್ಟೇ ಇದೆ, ಯಾರು ಎಂದು ವಿಂಗಡಿಸಿಲ್ಲ.

ಕೊಡುವಾಗ ಏನೇನು ಹಾಕಿದ್ದೇವೆ ಎಂದು ಬಾಯಿ ಬಿಟ್ಟು ಹೇಳಿ: "ಬೆಣ್ಣೆ, ಮೈದಾ, ಏಲಕ್ಕಿ ಅಷ್ಟೇ ಅಕ್ಕಾ, ಮೊಟ್ಟೆ ಹಾಕಿಲ್ಲ." ತಟ್ಟೆ, ಪಾತ್ರೆ ಯಾವುದೆಂದು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ತಗೊಂಡ್ರೆ ಸಂತೋಷ. ಬೇಡ ಎಂದರೂ ಮುಖ ಸಣ್ಣದು ಮಾಡಬೇಕಾಗಿಲ್ಲ. ಅವರವರ ಮನೆಯ ನಿಯಮ ಅವರಿಗೆ, ನಮ್ಮ ಮನೆಯದ್ದು ನಮಗೆ ಇರುವ ಹಾಗೆ. ಕೊಟ್ಟವರ ಸತ್ಯ ಮಾತು ಮಾತ್ರ ನೆನಪಲ್ಲಿ ಉಳಿಯುತ್ತದೆ. ಇಂದು ಬಿಸ್ಕತ್ತು ತಗೊಳ್ಳದವರು ನಾಳೆ ನಿಮ್ಮ ಮಗುವಿಗೆ ಜ್ವರ ಬಂದಾಗ ಬಾಗಿಲು ತೆರೆದಾರು.

ಮಾರುವವರಿಗೆ

ಮನೆಯಲ್ಲೇ ಮಾಡಿ ಮಾರುವ ಸಹೋದರಿಯರು ಈಗ ಕಡಿಮೆ ಇಲ್ಲ. ಬಾಡಿಗೆಗೋ ಮಕ್ಕಳ ಫೀಸಿಗೋ ಅದು ಆಧಾರ. ಅವರಿಗೆ ಮೂರು ಮಾತು. ಸಣ್ಣ ಪ್ರಮಾಣದಲ್ಲಿ ಮಾರುವುದಾದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಅದನ್ನು ಮಾಡಿಸಿಕೊಳ್ಳಿ. ಅರ್ಧ ಬೆಣ್ಣೆ ಅರ್ಧ ವನಸ್ಪತಿ ಹಾಕಿ 'ಬೆಣ್ಣೆ ಬಿಸ್ಕತ್ತು' ಎಂದು ಬರೆಯಬೇಡಿ. ಬೆಲೆ ಹತ್ತು ರೂಪಾಯಿ ಹೆಚ್ಚಾದರೂ ಪರವಾಗಿಲ್ಲ, ಇರುವುದನ್ನೇ ಬರೆಯಿರಿ. ಡಿಜಿಟಲ್ ತಕ್ಕಡಿ ಒಂದು ತಗೊಳ್ಳಿ. ತೂಕದಲ್ಲಿ ಮೋಸ ಮಾಡುವವರನ್ನು ಎಚ್ಚರಿಸಲು ಕುರ್‌ಆನಿನಲ್ಲಿ ಅಲ್ ಮುತಫ್ಫಿಫೀನ್ ಎಂಬ ಒಂದು ಸೂರತ್ತೇ ಇದೆ. 250 ಗ್ರಾಂ ಎಂದು ಬರೆದ ಪ್ಯಾಕೆಟಿನಲ್ಲಿ 255 ಇದ್ದರೆ ನಷ್ಟ ಅರ್ಧ ಬಿಸ್ಕತ್ತಿಗಿಂತಲೂ ಕಡಿಮೆ, 245 ಇದ್ದರೆ ನಷ್ಟ ಬೇರೆ ಕಡೆ ಬರೆಯಲ್ಪಡುತ್ತದೆ.

ಈ ವಾರ ಬೆಣ್ಣೆ ತಂದು ಹೊರಗಿಡಿ. ಮೊದಲ ತಟ್ಟೆ ತಣಿಯುವ ಮೊದಲೇ ಮಕ್ಕಳು ಖಾಲಿ ಮಾಡುತ್ತಾರೆ, ಮಾಡಲಿ. ಎರಡನೇ ತಟ್ಟೆಯಿಂದ ಎರಡು ನೋಂಬಿನವಳಿಗೆ, ಆರು ಪಕ್ಕದ ಮನೆಗೆ ಎಂದು ಮೊದಲೇ ತೆಗೆದಿಡಿ. ಅಲ್ಲಾಹನು ನಮ್ಮ ಮನೆಗಳ ಅನ್ನದಲ್ಲಿ ಬರಕತ್ ಕೊಡಲಿ, ಆಮೀನ್.