ಕತ್ತಿಗೆ ಮುನ್ನ ನೀರು

ಅಮೆರಿಕದ ಕಾನ್‌ಕರ್ಡ್ ಎಂಬ ಊರಿನಲ್ಲಿ 1842ರ ಹೊಸವರ್ಷದ ದಿನ ಜಾನ್ ಥೋರೋ ಎಂಬ ತರುಣನು ತನ್ನ ಕ್ಷೌರದ ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಮಸೆಯುತ್ತಿದ್ದನು. ಕೈ ತುಸು ಜಾರಿತು. ಎಡಗೈಯ ಉಂಗುರಬೆರಳಿನ ತುದಿಯಲ್ಲಿ ಒಂದಿಷ್ಟು ಚರ್ಮ ಕಿತ್ತುಬಂದಿತು. ಅತ್ಯಲ್ಪ ಗಾಯ. ಬಟ್ಟೆ ಸುತ್ತಿ ಸುಮ್ಮನಾದನು. ಕೆಲವು ದಿನಗಳಲ್ಲೇ ದವಡೆ ಸೆಟೆದುಕೊಂಡಿತು, ಧನುರ್ವಾಯು ಅಡರಿತು. ಜನವರಿ 11ರಂದು ಆತನು ತಮ್ಮನ ತೋಳುಗಳಲ್ಲಿಯೇ ಪ್ರಾಣ ಬಿಟ್ಟನು. ಆ ತಮ್ಮನೇ ಹೆನ್ರಿ ಡೇವಿಡ್ ಥೋರೋ. ಕಾನೂನುಭಂಗವನ್ನು ಕುರಿತ ಅವನ ಪ್ರಬಂಧವನ್ನು ಮುಂದೆ ಗಾಂಧೀಜಿಯವರು ಆದರದಿಂದ ಓದಿದರು.

ಚುಚ್ಚುಮದ್ದಿನ ಈ ಕಾಲದಲ್ಲಿ ಅಂತಹ ಸಾವು ವಿರಳವೆಂಬುದೇನೋ ನಿಜ. ಆದರೂ ಕತ್ತಿಯ ಅಲಗಿಗೂ ಮುಖದ ಚರ್ಮಕ್ಕೂ ನಡುವಣ ಅಂತರ ಮೊದಲಿನಷ್ಟೇ ಕಿರಿದು. 1903ರಲ್ಲಿ ಜಿಲೆಟ್ ಎಂಬಾತನ ರೇಜರು ಮಾರಾಟಕ್ಕೆ ಬಂದಂದಿನಿಂದ ಮಡಚುವ ನೀಳ ಕತ್ತಿ ಮನೆಗಳಿಂದ ಮೆಲ್ಲಮೆಲ್ಲನೆ ಮರೆಯಾಯಿತು. ಈಗ ಕೆಲವು ತರುಣರು ಅದನ್ನು ಮತ್ತೆ ಕೈಗೆತ್ತಿಕೊಳ್ಳುತ್ತಿದ್ದಾರೆ. ಮೊದಲ ದಿನವೇ ಕೆನ್ನೆ ಉರಿದಾಗ ಅವರು ದೂರುವುದು ಕತ್ತಿಯನ್ನು. ತಪ್ಪು ಬಹುಮಟ್ಟಿಗೆ ಕತ್ತಿಯದಲ್ಲ. ಮುಖವನ್ನು ಅಣಿಗೊಳಿಸದೆ ಅದರ ಮೇಲೆ ಕತ್ತಿಯಾಡಿಸಿದ ಆತುರದ್ದು.

ಗಡ್ಡದ ಕೂದಲು ನೋಡಲು ಕ್ಷುದ್ರವೆನಿಸಿದರೂ ಬಲು ಗಟ್ಟಿಯಾದ ವಸ್ತು. ನಮ್ಮ ಉಗುರುಗಳಲ್ಲಿರುವ ಕೆರಾಟಿನ್ ಎಂಬ ಪದಾರ್ಥದಿಂದಲೇ ಅದೂ ಆಗಿದೆ. ಒಣಗಿದ ಕೂದಲಿಗೆ ಅಲಗು ತಾಗಿದಾಗ ಅದು ಸುಲಭವಾಗಿ ತುಂಡಾಗುವುದಿಲ್ಲ. ಬೇರಿನ ಕಡೆಯಿಂದ ಚರ್ಮವನ್ನು ಜಗ್ಗುತ್ತದೆ. ಈ ಜಗ್ಗಾಟವೇ ಉರಿಗೂ ಗಾಯಕ್ಕೂ ಮೂಲ. ಆದರೆ ನೀರು ದೊರೆತರೆ ಅದೇ ಕೂದಲು ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ನೀರನ್ನು ಹೀರಿ, ಉಬ್ಬಿ, ಮೆತ್ತಗಾಗುತ್ತದೆ. ಕೆರಾಟಿನ್ ಎಳೆಗಳನ್ನು ಬಿಗಿದಿರುವ ಸೂಕ್ಷ್ಮ ಬಂಧಗಳಲ್ಲಿ ಹಲವನ್ನು ನೀರು ಸಡಿಲಿಸುವುದೇ ಇದಕ್ಕೆ ಕಾರಣ. ಇಷ್ಟಾಗಲು ಎರಡು ಮೂರು ನಿಮಿಷಗಳು ಸಾಕು. ಆ ನಿಮಿಷಗಳನ್ನು ಉಳಿಸಹೊರಟವನೇ ಬಳಿಕ ಹತ್ತು ನಿಮಿಷ ಕನ್ನಡಿಯ ಮುಂದೆ ರಕ್ತ ಒರೆಸುತ್ತ ನಿಲ್ಲುತ್ತಾನೆ.

ಆದುದರಿಂದ ಕ್ಷೌರಕ್ಕೆ ಪ್ರಶಸ್ತ ವೇಳೆಯೆಂದರೆ ಬಿಸಿನೀರಿನ ಸ್ನಾನ ಮುಗಿದ ಒಡನೆಯೇ. ಕ್ಷೌರ ಮುಗಿಸಿಯೇ ಸ್ನಾನವೆಂಬ ಸಂಪ್ರದಾಯದ ಮನೆಗಳಲ್ಲಿ ಇದಕ್ಕೆ ಬೇರೊಂದು ದಾರಿಯುಂಟು. ಮೊದಲು ಮುಖವನ್ನು ಸೋಪಿನಿಂದ ತೊಳೆಯಬೇಕು. ಕೂದಲಿನ ಮೇಲಣ ಎಣ್ಣೆಯ ಜಿಡ್ಡು ಹೋದ ಹೊರತು ನೀರು ಒಳಗಿಳಿಯದು. ಆಮೇಲೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ಲನ್ನು ಗಡ್ಡದ ಮೇಲೆ ಎರಡು ಮೂರು ನಿಮಿಷ ಒತ್ತಿಟ್ಟುಕೊಳ್ಳಬೇಕು. ನೀರು ಕೈಗೆ ಹಿತವೆನಿಸುವಷ್ಟು ಬಿಸಿಯಿದ್ದರೆ ಸಾಕು. ಸುಡುನೀರು ಚರ್ಮವನ್ನು ಕೆರಳಿಸುತ್ತದೆ. ಬಳಿಕ ಮುಖವನ್ನು ಒರೆಸಬಾರದು.

ಮುಂದಿನದು ನೊರೆ. ಬ್ರಷ್ಷನ್ನು ಬಿಸಿನೀರಿನಲ್ಲಿ ನೆನೆಸಿ, ಹೆಚ್ಚಿನ ನೀರನ್ನು ಕೊಡವಿ, ಕ್ಷೌರದ ಸೋಪಿನ ಮೇಲೆ ಆಡಿಸಿ, ಅನಂತರ ಮುಖದ ಮೇಲೆ ಸುತ್ತುಸುತ್ತಾಗಿ ತಿರುಗಿಸಬೇಕು. ಹೀಗೆ ತಿರುಗಿಸುವಾಗ ಮಲಗಿದ ಕೂದಲು ಎದ್ದುನಿಲ್ಲುತ್ತದೆ. ನೊರೆ ಅದರ ಬುಡಕ್ಕೆ ಸೇರುತ್ತದೆ. ಕಡೆದ ಮಜ್ಜಿಗೆಯ ಮೇಲಣ ಗುಳ್ಳೆಗಳಂತಹ ನೊರೆ ನಿಷ್ಪ್ರಯೋಜಕ. ಗಟ್ಟಿ ಮೊಸರಿನಂತೆ ನುಣುಪಾಗಿ, ಒದ್ದೆಯಾಗಿ ನಿಲ್ಲುವ ನೊರೆಯೇ ಯೋಗ್ಯವಾದದ್ದು. ಕೂದಲು ಹೀರಿದ ನೀರು ಆರದಂತೆ ಕಾಯುವುದು, ಅಲಗು ಜಾರುವಂತೆ ಮಾಡುವುದು, ಈ ಎರಡೂ ಅದರ ಕೆಲಸ. ನಡುವೆ ಒಣಗಿದರೆ ಮತ್ತೆ ಹಚ್ಚಬೇಕು. ಬೆಂಗಳೂರಿನಂತಹ ನಗರಗಳಲ್ಲಿ ಕೊಳವೆಬಾವಿಯ ನೀರನ್ನು ನೆಚ್ಚಿದ ಬಡಾವಣೆಗಳವರಿಗೆ ನೊರೆ ಏಳದಿರುವ ಅನುಭವವಿದ್ದೀತು. ಗಡಸು ನೀರಿನಲ್ಲಿರುವ ಸುಣ್ಣ ಮತ್ತು ಮೆಗ್ನೀಸಿಯಂ ಲವಣಗಳು ಸೋಪಿನೊಡನೆ ಸೇರಿ ಗಸಿಯಾಗುತ್ತವೆ. ಅಂತಹವರು ಒಂದು ಬಟ್ಟಲಷ್ಟು ಶುದ್ಧೀಕರಿಸಿದ ಕುಡಿಯುವ ನೀರನ್ನೋ, ಸಂಗ್ರಹಿಸಿದ ಮಳೆನೀರನ್ನೋ ಕಾಯಿಸಿಕೊಂಡರೆ ಕೆಲಸ ಸುಗಮವಾಗುತ್ತದೆ.

ಬ್ರಷ್ಷಿನ ವಿಷಯದಲ್ಲಿಯೂ ಇತಿಹಾಸ ಒಂದು ಪಾಠ ಹೇಳಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಸೈನಿಕರಿಗೆ ಶುದ್ಧಿ ಮಾಡದ ಕುದುರೆಕೂದಲಿನ ಅಗ್ಗದ ಬ್ರಷ್ಷುಗಳ ಮೂಲಕ ಮುಖದ ಮೇಲೆ ನೆರಡಿ ರೋಗದ ಹುಣ್ಣುಗಳೆದ್ದವು. ಕೆಲವರು ಸತ್ತರು. ಬ್ರಷ್ಷನ್ನು ಪ್ರತಿಸಲವೂ ತೊಳೆದು, ಗಾಳಿಯಾಡುವಲ್ಲಿ ಒಣಗಿಸುವುದು ಕೇವಲ ಶಿಸ್ತಿನ ಮಾತಲ್ಲ.

ಇನ್ನು ದಿಕ್ಕು. ನೊರೆ ಹಚ್ಚುವ ಮೊದಲೇ ಬೆರಳುಗಳಿಂದ ಗಡ್ಡವನ್ನು ಸವರಿ ನೋಡಬೇಕು. ಕೈ ನುಣ್ಣಗೆ ಸರಿಯುವುದು ಕೂದಲು ಮಲಗಿರುವ ದಿಕ್ಕು. ತರಿತರಿ ತಾಗುವುದು ಎದುರು ದಿಕ್ಕು. ಕೆನ್ನೆಯಲ್ಲಿ ಸಾಮಾನ್ಯವಾಗಿ ಕೆಳಮುಖವಾಗಿರುವ ಕೂದಲು ಕುತ್ತಿಗೆಯಲ್ಲಿ ಸುಳಿಸುಳಿಯಾಗಿರಬಹುದು. ಮೊದಲ ಸಲ ಕೂದಲಿನ ದಿಕ್ಕಿನಲ್ಲಿಯೇ, ಇನ್ನೊಂದು ಕೈಯಿಂದ ಚರ್ಮವನ್ನು ಬಿಗಿಹಿಡಿದು, ಕತ್ತಿಯನ್ನು ಸುಮಾರು 30 ಡಿಗ್ರಿ ಓರೆಯಲ್ಲಿ ಹಗುರವಾಗಿ ಎಳೆಯಬೇಕು. ಕತ್ತಿಯ ಭಾರವೇ ಸಾಕು. ಕೈಯ ಬಲ ಬೇಡ. ಎದುರು ದಿಕ್ಕಿನ ಕ್ಷೌರ ಪಳಗಿದವರಿಗೆ ಮಾತ್ರ. ತೀರ ಬುಡಕ್ಕೆ ಕತ್ತರಿಸಿದ ಗುಂಗುರು ಕೂದಲು ಮತ್ತೆ ಮೊಳೆಯುವಾಗ ಚರ್ಮದೊಳಕ್ಕೇ ಚುಚ್ಚಿ ಕೀವುಗುಳ್ಳೆಗಳನ್ನೆಬ್ಬಿಸುವುದುಂಟು. ಮೊಡವೆಯೊಡೆದ ದಿನ ಕತ್ತಿಗೆ ವಿರಾಮ ಕೊಡುವುದೇ ಜಾಣತನ. ಮಧುಮೇಹಿಗಳೂ ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರೂ ನೀಳ ಕತ್ತಿಯ ಹವ್ಯಾಸಕ್ಕೆ ಹೋಗದಿರುವುದು ಲೇಸು.

ಅಂಗಡಿಯಲ್ಲಿ ಕ್ಷೌರ ಮಾಡಿಸಿಕೊಳ್ಳುವವರಿಗೆ ಮತ್ತೊಂದು ಎಚ್ಚರ. ಹೆಪಟೈಟಿಸ್ ಬಿ ಎಂಬ ಕಾಮಾಲೆಯ ವೈರಸ್ಸು ದೇಹದ ಹೊರಗೆ ಒಣಗಿದ ರಕ್ತದಲ್ಲಿ ಏಳು ದಿನಗಳವರೆಗೂ ಜೀವದಿಂದಿರಬಲ್ಲದು. ಬಿಸಿನೀರಿನಲ್ಲಿ ಅದ್ದಿ ತೆಗೆದ ಮಾತ್ರಕ್ಕೆ ಅಲಗು ಶುದ್ಧವಾಗುವುದಿಲ್ಲ. ಇಂದಿನ ಅನೇಕ ಕ್ಷೌರಿಕರ ಕೈಯಲ್ಲಿರುವುದು ಬ್ಲೇಡು ಬದಲಿಸಬಹುದಾದ ಕತ್ತಿ. ಹೊಸ ಬ್ಲೇಡನ್ನು ಕಣ್ಣೆದುರಿಗೇ ಹಾಕಿರೆಂದು ವಿನಯದಿಂದ ಕೇಳುವುದರಲ್ಲಿ ಸಂಕೋಚಕ್ಕೆ ಎಡೆಯಿಲ್ಲ. ಒಳ್ಳೆಯ ಕಸಬುದಾರರು ಅದನ್ನು ಅವಮಾನವೆಂದು ಎಣಿಸುವುದೂ ಇಲ್ಲ. ಮನೆಯಲ್ಲಿಯೂ ತಂದೆ ಮಕ್ಕಳು ಒಂದೇ ಕತ್ತಿಯನ್ನು ಹಂಚಿಕೊಳ್ಳಬಾರದು.

ಕೊನೆಗೆ ಮುಖವನ್ನು ತಣ್ಣೀರಿನಲ್ಲಿ ತೊಳೆದು, ಒದ್ದೆ ಚರ್ಮದ ಮೇಲೆ ಪಟಿಕದ ಕಲ್ಲನ್ನು ಒಮ್ಮೆ ಮೆಲ್ಲನೆ ಸವರಿ, ಮತ್ತೆ ತೊಳೆದು, ಉಜ್ಜದೆ ಒತ್ತಿ ಒರೆಸಿಕೊಂಡರೆ ಕೆಲಸ ಮುಗಿಯಿತು. ಪಟಿಕ ಎಲ್ಲಿ ಚುರ್ರೆನ್ನುವುದೋ ಅಲ್ಲಿ ಅಂದು ಕೈ ಭಾರವಾಯಿತೆಂದು ತಿಳಿಯಬೇಕು. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಯ ಸತ್ಯವನ್ನು ಇಷ್ಟು ನೇರವಾಗಿ, ಅದೂ ಕನ್ನಡಿಯೆದುರಿನಲ್ಲಿಯೇ, ಕಲಿಸುವ ಗುರು ಬೇರೊಬ್ಬನಿಲ್ಲ.