ಅಜೋಲಾದ ಹೆಪ್ಪು



ಮನೆಯಲ್ಲಿ ಮೊಸರು ತೀರಿತೆಂದರೆ ನೀವು ಏನು ಮಾಡುತ್ತೀರಿ? ಬಟ್ಟಲು ಹಿಡಿದು ನೆರೆಮನೆಯ ಬಾಗಿಲಿಗೆ ಹೋಗಿ, ‘ಅಕ್ಕಾರ, ಒಂಚೂರು ಹೆಪ್ಪು ಕೊಡ್ರಿ’ ಎಂದು ಕೇಳುತ್ತೀರಿ. ಕೊಟ್ಟವರಿಗೆ ಏನೂ ಕಡಿಮೆಯಾಗುವದಿಲ್ಲ. ಒಯ್ದವರ ಗಡಿಗೆ ಮಾತ್ರ ಬೆಳಗಾಗುವದರೊಳಗೆ ತುಂಬಿರುತ್ತದೆ. ಹಿತ್ತಲದ ನೀರಿನ ಗುಂಡಿಯಲ್ಲಿ ಬೆಳೆಯುವ ಅಜೋಲಾ ಎಂಬ ತೇಲು ಸಸ್ಯವೂ ಇದೇ ತರಹದ್ದು. ಅದನ್ನು ಅಂಗಡಿಯಿಂದ ತರುವದಕ್ಕಿಂತ ಮನೆಯಿಂದ ಮನೆಗೆ ದಾಟಿಸುವದೇ ಹೆಚ್ಚು.

ಅಜೋಲಾ ಹೂ ಬಿಡುವ ಗಿಡವಲ್ಲ, ಜರೀಗಿಡದ ಜಾತಿಗೆ ಸೇರಿದ್ದು. ನೀರ ಮೇಲೆ ಹಸಿರು ಕಂಬಳಿ ಹಾಸಿದ ಹಾಗೆ ಹರಡುತ್ತದೆ. ಬೇರುಗಳು ನೀರೊಳಗೆ ಜೋತಾಡುತ್ತಿರುತ್ತವೆ. ಅದರ ಎಲೆಯ ಸಣ್ಣ ಪೊಟರೆಗಳಲ್ಲಿ ಒಂದು ನೀಲಿ-ಹಸಿರು ಪಾಚಿ ಮನೆ ಮಾಡಿಕೊಂಡಿರುತ್ತದೆ. ಆ ಪಾಚಿ ಗಾಳಿಯೊಳಗಿನ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ. ಗಿಡವು ಅದಕ್ಕೆ ಆಸರೆ ಕೊಡುತ್ತದೆ. ಹೀಗಾಗಿ ಯೂರಿಯಾದ ಮುಖ ನೋಡದೆಯೇ ಅಜೋಲಾದಲ್ಲಿ ಸಸಾರಜನಕ ತುಂಬುತ್ತದೆ. ಒಣಗಿಸಿ ತೂಗಿದರೆ ನೂರರಲ್ಲಿ 20ರಿಂದ 25 ಪಾಲು ಸಸಾರಜನಕವೇ.

‘ಒಣಗಿಸಿ ತೂಗಿದರೆ’ ಎಂಬ ಮಾತನ್ನು ಮಾತ್ರ ಮರೆಯಬೇಡಿರಿ. ಇದನ್ನು ಮರೆತವರೇ ‘ಅಜೋಲಾ ಹಾಕಿದರೆ ಹಿಂಡಿ ಬೇಕಾಗಿಯೇ ಇಲ್ಲ’ ಎಂದು ಊರೆಲ್ಲ ಹೇಳುತ್ತ ತಿರುಗುವದು. ಹಸಿ ಅಜೋಲಾದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ಬರೇ ನೀರು. ಒಂದೂವರೆ ಕಿಲೋ ಹಸಿಯದನ್ನು ಒಣಗಿಸಿದರೆ ಸುಮಾರು 100 ಗ್ರಾಂ ಉಳಿಯುತ್ತದೆ. ಅದರಲ್ಲಿಯ ಸಸಾರಜನಕ 20–25 ಗ್ರಾಂ. ಅಂದರೆ ಅದು ಒಂದು ಹಿಡಿ ಶೇಂಗಾ ಹಿಂಡಿಗೆ ಸಮ! ಹಾಗಾದರೆ ಇದರ ಉಸಾಬರಿ ಯಾಕೆ ಎನ್ನುತ್ತೀರಾ? ಒಣ ಕಣಿಕೆಯನ್ನೇ ತಿನ್ನುವ ದನಕ್ಕೆ ದಿನವೂ ಒಂದಿಷ್ಟು ಹಸಿರು ಮೇವು ಹೊಟ್ಟೆಗೆ ಬೀಳುವದು ಸಣ್ಣ ಮಾತಲ್ಲ. ಕೋಳಿಗಳಂತೂ ಇದನ್ನು ಮುಗಿಬಿದ್ದು ತಿನ್ನುತ್ತವೆ. ತತ್ತಿಯ ಭಂಡಾರ ಹಳದಿಯಾಗುತ್ತದೆ. ಹಿಂಡಿಯ ಜೊತೆಗೆ ಕೊಡಿರಿ, ಹಿಂಡಿ ಬಿಡಿಸಿ ಕೊಡಬೇಡಿರಿ.

ಇನ್ನು ಗುಂಡಿಯ ವಿಷಯ. ಸುಮಾರು ಆರೂವರೆ ಅಡಿ ಚೌಕ, ಎಂಟೊಂಬತ್ತು ಅಂಗುಲ ಆಳ ಇದ್ದರೆ ಸಾಕು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿ ಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುವದು ನಿಮಗೆ ಗೊತ್ತೇ ಇದೆ. ಅಲ್ಲಿ ತೆಗ್ಗು ತೋಡುವದಕ್ಕಿಂತ ನೆಲದ ಮೇಲೆ ಸುತ್ತಲೂ ಇಟ್ಟಿಗೆ ನಿಲ್ಲಿಸಿ, ಒಳಗೆ ಹಳೆಯ ಗೋಣಿಚೀಲ ಹಾಸಿ, ಮೇಲೆ ತೂತಿಲ್ಲದ ತಾಡಪತ್ರಿ ಹೊದಿಸುವದು ಒಳ್ಳೇದು. ಸಾಣಿಗೆಯಲ್ಲಿ ಸೋಸಿದ 10ರಿಂದ 15 ಕಿಲೋ ಒಳ್ಳೆಯ ಮಣ್ಣು ಹರಡಿರಿ. ಎರಡು ಕಿಲೋ ಹಸಿ ಸೆಗಣಿ ಮತ್ತು 30 ಗ್ರಾಂ ಸೂಪರ್ ಫಾಸ್ಫೇಟನ್ನು ಹತ್ತು ಲೀಟರು ನೀರಲ್ಲಿ ಕಲಸಿ ಸುರುವಿರಿ. ಆಮೇಲೆ ನಾಲ್ಕು ಅಂಗುಲ ನಿಲ್ಲುವಷ್ಟು ನೀರು ಹಾಕಿ, ಅರ್ಧದಿಂದ ಒಂದು ಕಿಲೋ ಹೆಪ್ಪು ಬಿಡಿರಿ. ಹತ್ತು ಹದಿನೈದು ದಿನಗಳಲ್ಲಿ ಗುಂಡಿ ಮುಚ್ಚುತ್ತದೆ. ಅಲ್ಲಿಂದ ದಿನಕ್ಕೆ ಅರ್ಧ ಕಿಲೋ, ಹೆಚ್ಚೆಂದರೆ ಅದಕ್ಕಿಂತ ತುಸು ಮೇಲೆ ಸಿಗುವದು. ಒಂದು ಎಮ್ಮೆಗೆ ದಿನಕ್ಕೆ ಒಂದೂವರೆ ಕಿಲೋ ಹಾಕಬೇಕೆಂದರೆ ಮೂರು ಗುಂಡಿ ಬೇಕು. ಮೊದಲೇ ಲೆಕ್ಕ ಹಾಕಿಕೊಳ್ಳಿರಿ.

ನೀರು ಎಂಥದು ಎಂಬುದು ಮುಖ್ಯ. ನಮ್ಮ ಬೆಳವಲದಲ್ಲಿ ಎಷ್ಟೋ ಬೋರುಗಳ ನೀರು ಸವಳು. ಸವಳು ನೀರಿನಲ್ಲಿ ಅಜೋಲಾ ಏಳುವದಿಲ್ಲ. ಮಾಳಿಗೆಯಿಂದ ಹಿಡಿದ ಮಳೆನೀರಾಗಲಿ, 2014ರ ನಂತರ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಲಗಳಲ್ಲಿ ತೋಡಿದ ಕೃಷಿ ಹೊಂಡದ ನೀರಾಗಲಿ ಬಳಸಿರಿ. ಅಜೋಲಾವನ್ನು ಹೊಂಡಕ್ಕೇ ಬಿಟ್ಟರಾಯಿತಲ್ಲ ಎಂದು ಕೇಳುವವರು ಇದ್ದಾರೆ. ಅದು ಬೇಡ. ಗಾಳಿ ಬೀಸಿದರೆ ಎಲ್ಲ ಒಂದು ದಂಡೆಗೆ ಒತ್ತರಿಸಿ ಕೊಳೆಯುತ್ತದೆ, ಮೋಟರಿನ ಪೈಪಿಗೂ ಸಿಕ್ಕಿಕೊಳ್ಳುತ್ತದೆ.

ಐದು ದಿನಕ್ಕೊಮ್ಮೆ ಒಂದು ಕಿಲೋ ಸೆಗಣಿ ಮತ್ತು 20 ಗ್ರಾಂ ಸೂಪರ್ ಫಾಸ್ಫೇಟು. ಹತ್ತು ದಿನಕ್ಕೊಮ್ಮೆ ಕಾಲುಭಾಗ ನೀರು ತೆಗೆದು ಹೊಸನೀರು. ತೆಗೆದ ನೀರು ಬದನೆ, ಮೆಣಸಿನ ಗಿಡಗಳಿಗೆ ಅಮೃತ. ಬೆಳೆದದ್ದನ್ನು ತೆಗೆಯದೆ ಬಿಟ್ಟರೆ ಒಂದರ ಮೇಲೊಂದು ಏರಿ ಕೆಳಗಿನದು ಕೊಳೆಯುತ್ತದೆ. ತೆಗೆದದ್ದನ್ನು ಜಾಳಿಗೆಯಲ್ಲಿಟ್ಟು, ಸೆಗಣಿ ನಾತ ಹೋಗುವವರೆಗೆ ಮೂರು ನೀರಿನಲ್ಲಿ ತೊಳೆಯಿರಿ. ಇಲ್ಲದಿದ್ದರೆ ಎಮ್ಮೆ ಮೂಸಿ ನೋಡಿ ಮುಖ ತಿರುವುತ್ತದೆ. ಮೊದಮೊದಲು ಒಂದು ಹಿಡಿಯಷ್ಟನ್ನೇ ಹಿಂಡಿಯಲ್ಲಿ ಕಲಸಿ ಇಡಿರಿ.

ಕಲಘಟಗಿ ಕಡೆಯವರು ಭತ್ತದ ಗದ್ದೆಗೂ ಇದು ಗೊಬ್ಬರವಲ್ಲವೇ ಎಂದು ಕೇಳಬಹುದು. ಹೌದು, ಆದರೆ ನೀರು ನಿಂತ ಗದ್ದೆಗೆ ಮಾತ್ರ. ಕೂರಿಗೆಯಿಂದ ಬಿತ್ತಿದ ಭತ್ತದಲ್ಲಿ ನೀರು ನಿಲ್ಲದ ಹೊರತು ಪ್ರಯೋಜನವಿಲ್ಲ. ವಿಯೆಟ್ನಾಮ ದೇಶದ ನಾಟಿ ಗದ್ದೆಗಳಲ್ಲಿ ಇದನ್ನು ಹಿಂದಿನಿಂದಲೂ ಬೆಳೆಸುತ್ತ ಬಂದಿದ್ದಾರೆ. ಅಲ್ಲಿ ಲಾ ವಾನ್ ಎಂಬ ಒಂದು ಹಳ್ಳಿಯವರು ಬೇಸಿಗೆಯಲ್ಲಿ ಅಜೋಲಾವನ್ನು ಉಳಿಸಿಕೊಳ್ಳುವ ಗುಟ್ಟನ್ನು ತಮ್ಮಲ್ಲೇ ಇಟ್ಟುಕೊಂಡು, ಪ್ರತಿ ಹಂಗಾಮಿಗೆ ಉಳಿದ ಊರುಗಳಿಗೆ ಹೆಪ್ಪು ಮಾರುತ್ತಿದ್ದರಂತೆ. ಜಾಣರೇ ಸರಿ. ಆದರೆ ನಮಗೆ ಆ ವ್ಯಾಪಾರ ಒಗ್ಗುವದಿಲ್ಲ, ಯಾಕೆಂದರೆ ನಮ್ಮ ಬೇಸಿಗೆ ಯಾರ ಗುಂಡಿಯನ್ನು ಬಿಡುತ್ತದೋ ಯಾರದನ್ನು ಸುಡುತ್ತದೋ ಹೇಳಲಿಕ್ಕಾಗದು.

ಬಿಸಿಲು 35 ಡಿಗ್ರಿ ದಾಟಿತೆಂದರೆ ಅಜೋಲಾ ಕೆಂಪೇರಿ, ತೆಳ್ಳಗಾಗಿ, ಒಂದು ವಾರದಲ್ಲಿ ಮಾಯವಾಗಬಹುದು. ಗುಂಡಿಯ ಮೇಲೆ ಕಣಿಕೆಯ ಚಪ್ಪರವನ್ನೋ ಹಳೆಯ ಸೀರೆಯನ್ನೋ ಕಟ್ಟಿರಿ. ಗಿಡದ ಬುಡದಲ್ಲಿ ಗುಂಡಿ ಮಾಡಿದರೆ ನೆರಳಿನ ಜೊತೆಗೆ ಎಲೆಯೂ ಉದುರಿ ಕೊಳೆಯುತ್ತದೆ. ಇಷ್ಟು ಮಾಡಿದರೂ ಸತ್ತೀತು. ಅದಕ್ಕೆ ಒಂದೇ ಉಪಾಯ: ಶಿವರಾತ್ರಿಯ ಹೊತ್ತಿಗೆ ಬೇರೆ ಬೇರೆ ಓಣಿಯ ಮೂರು ಮನೆಗಳಿಗಾದರೂ ಹೆಪ್ಪು ಕೊಟ್ಟಿಡಿರಿ. ಒಬ್ಬರದು ತೋಟದ ತಂಪಿನಲ್ಲಿರಲಿ. ನಿಮ್ಮ ಗುಂಡಿ ಒಣಗಿದರೆ ಕಾರಹುಣ್ಣಿಮೆಗೆ ಅವರಲ್ಲಿಂದ ಮರಳಿ ತಂದುಕೊಳ್ಳಬಹುದು. ಕೊಡದೆ ತಾನೊಬ್ಬನೇ ಇಟ್ಟುಕೊಂಡವನು ಮತ್ತೆ ಧಾರವಾಡದ ಕೃಷಿ ವಿಜ್ಞಾನ ಕೇಂದ್ರದವರೆಗೆ ಹೋಗಿ ವಿಚಾರಿಸಬೇಕಾದೀತು.

ಕೊಡುವಾಗ ಸಂಜೆಯ ತಂಪಿನಲ್ಲಿ ಕೊಡಿರಿ. ಬಕೆಟ್ಟಿನಲ್ಲಿ ತುಸು ನೀರು ಹಾಕಿ ತೇಲಿಸಿ ಕೊಡಬೇಕು, ಇಲ್ಲವೆ ಒದ್ದೆ ಬಟ್ಟೆಯಲ್ಲಿ ಸಡಿಲಾಗಿ ಸುತ್ತಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಬಸ್ಸಿನ ಬಿಸಿಲಿಗೆ ಇಟ್ಟರೆ ಬೀಗರ ಊರು ಮುಟ್ಟುವದರೊಳಗೆ ಬೆಂದಿರುತ್ತದೆ. ಹುಳ ಬಿದ್ದ, ಬಸವನಹುಳು ಹತ್ತಿದ ಗುಂಡಿಯಿಂದ ಕೊಡಲೇಬೇಡಿರಿ.

ಕೊಡುವ ಮೊದಲು ಇನ್ನೊಂದು ಕೆಲಸ ಉಂಟು. ಅದನ್ನು ತಪ್ಪಿಸಬಾರದು. ಹೆಪ್ಪನ್ನು ಬಿಳಿ ಪರಾತದಲ್ಲಿ ಹರವಿ, ಬೇರೆ ಯಾವ ಸಸಿಯಾದರೂ ಸೇರಿದೆಯೋ ಎಂದು ನೋಡಿರಿ. ಅಜೋಲಾದ ಸಸಿ ಕಿರುಬೆರಳ ಉಗುರಿನಷ್ಟು, ಎಲೆ ಸಾಸಿವೆಗಿಂತ ಸಣ್ಣದು. ಹೆಬ್ಬೆರಳ ಉಗುರಿನಷ್ಟು ಎಲೆ, ಮೇಲೆ ಮೃದುವಾದ ರೋಮ ಕಂಡರೆ ಅದು ಅಜೋಲಾ ಅಲ್ಲ. ಕೇರಳದ ಗದ್ದೆ, ಕಾಲುವೆಗಳನ್ನು ಮುಚ್ಚಿದ ಸಾಲ್ವೀನಿಯಾ ಇರಬಹುದು. ಉಬ್ಬಿದ ದಂಟು, ಹೊಳೆಯುವ ದುಂಡನೆಯ ಎಲೆ, ನೇರಳೆ ಹೂವು ಇದ್ದರೆ ಅದು ನಾವು ಅಂತರಗಂಗೆ ಎನ್ನುವ ಕಳೆ. ಎಲೆ ಕೋಸಿನ ಹಾಗೆ ಗುಂಪಾಗಿ ತೇಲುವ ಇನ್ನೊಂದಕ್ಕೂ ಅದೇ ಹೆಸರಿದೆ. ಎರಡೂ ಬೇಡ.

ಹೂವು ಚಂದ ಎಂದು ಹುಡುಗರು ತಂದು ತೊಟ್ಟಿಗೆ ಬಿಡುತ್ತಾರೆ. ದಕ್ಷಿಣ ಅಮೇರಿಕದ ಈ ಕಳೆಯನ್ನು ಬಂಗಾಳಕ್ಕೆ ಒಯ್ದವರೂ ಹೂವಿನ ಚಂದಕ್ಕೇ ಒಯ್ದದ್ದು. ಅದು ಅಲ್ಲಿಯ ಹೊಳೆ ಗದ್ದೆಗಳನ್ನು ಮುಚ್ಚಿ, 1936ರಲ್ಲಿ ಅದರ ವಿರುದ್ಧ ಕಾಯದೆಯನ್ನೇ ಮಾಡಬೇಕಾಯಿತು. ದೂರದ ಮಾತೇಕೆ, ಹುಬ್ಬಳ್ಳಿಯ ಉಣಕಲ್ ಕೆರೆಯನ್ನು ಈ ಕಳೆ ಹೇಗೆ ಆವರಿಸಿತ್ತು ಎಂದು ಆ ದಾರಿಯಲ್ಲಿ ಓಡಾಡಿದವರನ್ನು ಕೇಳಿರಿ. ಬೇಸಿಗೆ ಕಾಲದಲ್ಲಿ ಎರಡು ವಾರಕ್ಕೆ ಒಂದರದು ಎರಡಾಗುತ್ತದೆ. ಬೀಜ ಕೆಸರಿನಲ್ಲಿ ಹದಿನೈದು ಇಪ್ಪತ್ತು ವರ್ಷ ಜೀವ ಹಿಡಿದಿರುತ್ತದೆ.

ನಮ್ಮ ಕಡೆಯ ಎಷ್ಟೋ ಊರುಗಳಿಗೆ ಕುಡಿಯುವ ನೀರೆಂದರೆ ಕೆರೆಯ ನೀರೇ. ನವಲಗುಂದ, ಅಣ್ಣಿಗೇರಿಯ ಕೆರೆಗಳನ್ನು ಮಲಪ್ರಭೆಯ ಕಾಲುವೆಯಿಂದ ತುಂಬಿಸುತ್ತಾರೆ. ಕಾಲುವೆಗೆ ಬಿದ್ದ ಒಂದು ಸಸಿ ಎಷ್ಟು ಊರಿನ ಕೊಡಕ್ಕೆ ಮುಟ್ಟೀತು, ನೀವೇ ಯೋಚಿಸಿರಿ. ಕುಂದಗೋಳದ ಸೀಮೆಯಲ್ಲಿ ಬೆಣ್ಣಿಹಳ್ಳಕ್ಕೆ ಎಸೆದದ್ದು ಮಳೆಗಾಲದ ಮಹಾಪೂರದಲ್ಲಿ ನವಲಗುಂದದ ಹೊಲಗಳನ್ನು ದಾಟಿ ಮಲಪ್ರಭೆಗೇ ಹೋಗುತ್ತದೆ. ಅಜೋಲಾವನ್ನಾದರೂ ಅಷ್ಟೆ, ಹೆಚ್ಚಾದದ್ದನ್ನು ತಿಪ್ಪೆಗೆ ಹಾಕಿರಿ, ಕೆರೆ ಹಳ್ಳಗಳಿಗೆ ಬೇಡ.

ಅಂತರಗಂಗೆಯ ಸಸಿ ಕಂಡರೆ ಅರ್ಧಕ್ಕೆ ಹರಿಯದೆ, ಬೇರುಸಹಿತ ಎತ್ತಿರಿ. ನೀರಿನಿಂದ ದೂರ, ಬಂಡೆಯ ಮೇಲೋ ಮಾಳಿಗೆಯ ಮೇಲೋ ಬೇರು ಮೇಲೆ ಮಾಡಿ ಒಣಗಿಸಿರಿ. ಮುಟ್ಟಿದರೆ ಪುಡಿಯಾಗುವಷ್ಟು ಒಣಗಿದ ಮೇಲೆ ಸುಟ್ಟುಬಿಡಿರಿ. ಅದು ಇದ್ದ ಗುಂಡಿಯ ನೀರನ್ನು ಒಣ ನೆಲಕ್ಕೆ ಚೆಲ್ಲಿ, ತಾಡಪತ್ರಿಯನ್ನು ತೊಳೆದು ನಾಲ್ಕು ದಿನ ಬಿಸಿಲಿಗೆ ಹಾಕಿರಿ. ಆ ಗುಂಡಿಯಿಂದ ಈಗಾಗಲೇ ಹೆಪ್ಪು ಒಯ್ದವರು ಯಾರು ಯಾರು ಎಂದು ನೆನಪು ಮಾಡಿಕೊಂಡು, ಅಂದೇ ಸಂಜೆ ಅವರ ಮನೆಗೆ ಹೋಗಿ ಹೇಳಿ ಬರ್ರಿ.