ಬೆಕ್ಕು ಒಳಗಿರಲೋ, ಹೊರಗಿರಲೋ?



ಬೆಕ್ಕು ಇಲ್ಲದ ಊರು ಇಲ್ಲ. ಅಟ್ಟದ ಮೇಲೆ ಬೆಕ್ಕು. ಒಲೆಯ ಮಗ್ಗುಲಲ್ಲಿ ಬೆಕ್ಕು. ಹಾಲಿನ ಪಾತ್ರೆ ಸದ್ದಾದರೆ ಸಾಕು, ಎಲ್ಲಿದ್ದರೂ ಓಡಿ ಬರುತ್ತದೆ. ಹೊಟ್ಟೆ ತುಂಬಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ? ರಾತ್ರಿಯೆಲ್ಲ ಏನು ಮಾಡುತ್ತದೆ? ಇದನ್ನು ನಾವು ಯೋಚಿಸುವುದು ಕಡಿಮೆ.

"ಬೆಕ್ಕು ಅಂದರೆ ತಿರುಗೋ ಪ್ರಾಣಿ. ಅದನ್ನ ಕೂಡಿಹಾಕೋಕೆ ಆಗುತ್ತಾ?" ಅನ್ನುತ್ತಾರೆ ಕೆಲವರು. "ಹೊರಗೆ ಬಿಟ್ಟರೆ ನಾಯಿ ಬಾಯಿಗೆ ಬೀಳುತ್ತೆ. ಒಳಗೇ ಇರಲಿ" ಅನ್ನುತ್ತಾರೆ ಇನ್ನು ಕೆಲವರು. ಯಾರ ಮಾತು ಸರಿ? ಎರಡೂ ಕಡೆಯ ಮಾತು ಕೇಳೋಣ. ಆಮೇಲೆ ತೀರ್ಮಾನ ಮಾಡೋಣ.

ಬೆಕ್ಕು ನಮ್ಮ ಮನೆಗೆ ಬಂದದ್ದು ಹೇಗೆ?

ಸುಮಾರು 10,000 ವರ್ಷಗಳ ಹಿಂದಿನ ಮಾತು. ಜನ ಬೇಸಾಯ ಕಲಿತರು. ಕಾಳು ಕೂಡಿಟ್ಟರು. ಕಾಳು ತಿನ್ನಲು ಇಲಿ ಬಂತು. ಇಲಿ ಹಿಡಿಯಲು ಬೆಕ್ಕು ಬಂತು. ಹೀಗೆ ಬೆಕ್ಕು ನಮ್ಮ ಜೊತೆ ಸೇರಿತು.

ಈಗಲೂ ನಮಗೆ ಅದರ ಉಪಯೋಗ ಇದೆ. ಇಲಿ ತಿನ್ನುವುದು ಸ್ವಲ್ಪ, ಹಾಳು ಮಾಡುವುದು ಬಹಳ. ಚೀಲ ಕೊರೆಯುತ್ತದೆ. ಬಟ್ಟೆ ಕಡಿಯುತ್ತದೆ. ಇಲಿಯ ಮೂತ್ರದಿಂದ ಇಲಿಜ್ವರ ಬರುತ್ತದೆ. ಬೆಕ್ಕು ಇರುವ ಮನೆಯಲ್ಲಿ ಇಲಿ ಹೆದರಿಕೊಂಡೇ ಓಡಾಡುತ್ತದೆ.

ಹೊರಗೆ ಬಿಟ್ಟರೆ ಬೆಕ್ಕಿಗೆ ಏನಾಗುತ್ತದೆ?

ಹೊರಗೆ ಬೆಕ್ಕಿಗೆ ಬಿಸಿಲು ಸಿಗುತ್ತದೆ. ಮರ ಹತ್ತುತ್ತದೆ. ಇಲಿ ಹಿಡಿಯುತ್ತದೆ. ಮೈ ಚುರುಕಾಗಿರುತ್ತದೆ. ಇದೆಲ್ಲ ಒಳ್ಳೆಯದೇ.

ಆದರೆ ಅಪಾಯವೂ ಇದೆ. ರಸ್ತೆಯಲ್ಲಿ ಬಸ್ಸು, ಲಾರಿ, ಬೈಕು. ಬೀದಿಯಲ್ಲಿ ನಾಯಿಗಳ ಗುಂಪು. ಮಲೆನಾಡಿನ ಕಡೆ ಚಿರತೆಯ ಭಯ. ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಅದು ಇಲಿ ಪಾಷಾಣ. ಪಕ್ಕದ ಮನೆಯವರು ಇಲಿಗೆ ವಿಷ ಇಡುತ್ತಾರೆ. ಆ ಇಲಿಯನ್ನು ನಮ್ಮ ಬೆಕ್ಕು ತಿಂದರೆ ಬೆಕ್ಕಿಗೂ ವಿಷ ಏರಬಹುದು.

ಗಂಡು ಬೆಕ್ಕು ಹೆಣ್ಣನ್ನು ಹುಡುಕಿಕೊಂಡು ದೂರ ದೂರ ಹೋಗುತ್ತದೆ. ಬೇರೆ ಗಂಡು ಬೆಕ್ಕಿನ ಜೊತೆ ಕಾದಾಡುತ್ತದೆ. ಗಾಯ ಕೀವಾಗುತ್ತದೆ. ಹೆಣ್ಣು ಬೆಕ್ಕು ಗಬ್ಬವಾಗಿ ಬರುತ್ತದೆ.

ಹಕ್ಕಿಗಳ ಪಾಡೇನು? ಬೆಕ್ಕಿಗೆ ಗುಬ್ಬಿಯೂ ಒಂದೇ, ಅಳಿಲೂ ಒಂದೇ, ಕೋಳಿಮರಿಯೂ ಒಂದೇ. ಹೊಟ್ಟೆ ತುಂಬಿದ್ದರೂ ಬೇಟೆ ಆಡುತ್ತದೆ. ನ್ಯೂಜಿಲೆಂಡ್ ದೇಶದಲ್ಲಿ ಸ್ಟೀಫನ್ಸ್ ಎಂಬ ಪುಟ್ಟ ದ್ವೀಪ ಇದೆ. 1894ರಲ್ಲಿ ಅಲ್ಲಿ ದೀಪಸ್ತಂಭ ಶುರುವಾಯಿತು. ಜನರ ಜೊತೆ ಬೆಕ್ಕುಗಳೂ ಬಂದವು. ಅಲ್ಲಿದ್ದ ಒಂದು ಜಾತಿಯ ಸಣ್ಣ ಹಕ್ಕಿ ಕೆಲವೇ ವರ್ಷಗಳಲ್ಲಿ ಪೂರ್ತಿ ನಾಶವಾಯಿತು. ಆಸ್ಟ್ರೇಲಿಯಾ ದೇಶದ ರಾಜಧಾನಿ ಕ್ಯಾನ್‌ಬೆರಾದಲ್ಲಿ ಈಗ ಕಾನೂನೇ ಇದೆ. 2022ರ ಜುಲೈ 1ರಿಂದ ಈಚೆಗೆ ಹುಟ್ಟಿದ ಬೆಕ್ಕನ್ನು ಅಲ್ಲಿ ಮನೆಯ ಆವರಣದೊಳಗೇ ಇಟ್ಟುಕೊಳ್ಳಬೇಕು.

ನಮಗೆ ಇರುವ ದೊಡ್ಡ ಅಪಾಯ

ಈಗ ಮುಖ್ಯವಾದ ಮಾತು. ಗಮನವಿಟ್ಟು ಓದಿ. ಓದಲು ಬಾರದವರಿಗೂ ಹೇಳಿ.

ಹುಚ್ಚುನಾಯಿ ರೋಗ ನಾಯಿಗೆ ಮಾತ್ರ ಬರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಹೊರಗೆ ತಿರುಗುವ ಬೆಕ್ಕನ್ನು ಹುಚ್ಚುನಾಯಿ ಕಚ್ಚಿದರೆ ಬೆಕ್ಕಿಗೂ ಈ ರೋಗ ಬರುತ್ತದೆ. ಇದಕ್ಕೆ ರೇಬಿಸ್ ಎಂದು ಹೆಸರು. ಆ ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ನಮಗೂ ಬರಬಹುದು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಜೀವ ಉಳಿಸುವುದು ಹೆಚ್ಚುಕಡಿಮೆ ಸಾಧ್ಯವೇ ಇಲ್ಲ. ಆದರೆ ತಕ್ಷಣ ಎಚ್ಚೆತ್ತರೆ ರೋಗ ಬಾರದ ಹಾಗೆ ತಡೆಯಬಹುದು.

ಬೆಕ್ಕು ಕಚ್ಚಿದರೆ, ಪರಚಿದರೆ ಏನು ಮಾಡಬೇಕು?

ಗಾಯವನ್ನು ಕೂಡಲೇ ಸೋಪು ಹಚ್ಚಿ ತೊಳೆಯಿರಿ. ಸುರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರದ ಪುಡಿ, ಅರಿಶಿನ, ಕಾಫಿಪುಡಿ ಯಾವುದನ್ನೂ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಲಸಿಕೆ ಹಾಕಿಸಿಕೊಳ್ಳಿ. ರಕ್ತ ಬಂದಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಆಗ ಗಾಯದ ಜಾಗಕ್ಕೆ ಬೇರೆ ಒಂದು ಮದ್ದೂ ಬೇಕಾಗುತ್ತದೆ.

"ಹೊಟ್ಟೆಗೆ 14 ಇಂಜೆಕ್ಷನ್ ಚುಚ್ಚುತ್ತಾರಂತೆ" ಅಂತ ಹೆದರಿ ಮನೆಯಲ್ಲೇ ಕೂರಬೇಡಿ. ಅದು ಹಳೆಯ ಕಾಲದ ಲಸಿಕೆ. ನಮ್ಮ ದೇಶದಲ್ಲಿ 2004ರ ಕೊನೆಗೆ ಅದರ ತಯಾರಿಕೆಯೇ ನಿಂತುಹೋಯಿತು. ಈಗ ತೋಳಿಗೆ ಹಾಕುತ್ತಾರೆ. ನಾಲ್ಕೈದು ಸಲ ಹೋದರೆ ಮುಗಿಯಿತು. ಡಾಕ್ಟರು ಚೀಟಿಯಲ್ಲಿ ತಾರೀಖು ಬರೆದುಕೊಡುತ್ತಾರೆ. ಈಗ ನಿಮಗೆ ಓದಲು ಬರುತ್ತದೆ. ಆ ತಾರೀಖು ಓದಿಕೊಂಡು ಒಂದನ್ನೂ ತಪ್ಪಿಸದೆ ಹೋಗಿ. ಬಸುರಿ, ಬಾಣಂತಿ, ಎಳೆ ಮಕ್ಕಳು ಎಲ್ಲರೂ ಈ ಲಸಿಕೆ ತೆಗೆದುಕೊಳ್ಳಬಹುದು.

ಮಕ್ಕಳು ಬೈಯುತ್ತಾರೆ ಅಂತ ಹೆದರಿ ಗಾಯ ಮುಚ್ಚಿಡುತ್ತಾರೆ. "ಬೆಕ್ಕು ಪರಚಿದರೆ ನನಗೆ ಹೇಳು, ನಾನು ಬೈಯಲ್ಲ" ಅಂತ ಮೊದಲೇ ಹೇಳಿಡಿ. ಇದೊಂದು ಮಾತು ಮಗುವಿನ ಜೀವ ಉಳಿಸಬಹುದು.

ಹಾಗಾದರೆ ಒಳಗೇ ಇಟ್ಟುಕೊಂಡರೆ?

ಒಳಗಿದ್ದರೆ ನಾಯಿ, ಗಾಡಿ, ವಿಷದ ಭಯ ಕಡಿಮೆ. ಆದರೆ ಸುಮ್ಮನೆ ಬಾಗಿಲು ಹಾಕಿದರೆ ಸಾಲದು. ಮೂರು ವಿಷಯ ನೋಡಿಕೊಳ್ಳಬೇಕು.

ಮೊದಲನೆಯದು ಊಟ. ಬೆಕ್ಕು ಮಾಂಸ ತಿನ್ನುವ ಪ್ರಾಣಿ. ಹೊರಗೆ ಹೋಗುವ ಬೆಕ್ಕು ಇಲಿ ತಿಂದು ಸರಿಮಾಡಿಕೊಳ್ಳುತ್ತದೆ. ಒಳಗೆ ಕೂಡಿಹಾಕಿ ಬರೀ ಹಾಲು ಅನ್ನ ಹಾಕಿದರೆ ಬೇಕಾದ ಸತ್ವ ಸಿಗುವುದಿಲ್ಲ. ಕಣ್ಣು ಕೆಡುತ್ತದೆ. ಹೃದಯ ಸೊರಗುತ್ತದೆ. ಬೇಯಿಸಿದ ಮೀನು, ಮಾಂಸದ ಚೂರು ಕೊಡಬೇಕು. ಮಾಂಸ ತಿನ್ನದ ಮನೆಯವರು ಇದನ್ನು ಮೊದಲೇ ಯೋಚಿಸಬೇಕು. ಬೆಕ್ಕಿಗೆ ಹಾಲು ಇಷ್ಟ. ಆದರೆ ದೊಡ್ಡ ಬೆಕ್ಕುಗಳಲ್ಲಿ ಎಷ್ಟೋ ಬೆಕ್ಕುಗಳಿಗೆ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ. ನೀರು ಯಾವಾಗಲೂ ಇಟ್ಟಿರಬೇಕು.

ಎರಡನೆಯದು ಹೊಲಸು. ಹಳೆಯ ಬಾಂಡ್ಲಿಯಲ್ಲಿ ಮರಳು ತುಂಬಿ ಮೂಲೆಯಲ್ಲಿಡಿ. ಬೆಕ್ಕು ಅಲ್ಲೇ ಹೋಗಿ ಮುಚ್ಚುತ್ತದೆ. ದಿನಾ ತೆಗೆದು ದೂರ ಗುಂಡಿ ತೋಡಿ ಹೂಳಿ. ಕೆಲವು ಬೆಕ್ಕುಗಳ ಮಲದಲ್ಲಿ ಒಂದು ರೋಗಾಣು ಇರುತ್ತದೆ. ಅದು ಬಸುರಿಯ ಮೈ ಸೇರಿದರೆ ಹೊಟ್ಟೆಯಲ್ಲಿರುವ ಕೂಸಿಗೆ ತೊಂದರೆ. ಹೊಸ ಮಲ ಒಂದೆರಡು ದಿನ ಕಳೆದ ಮೇಲೆ ಅಂಟುರೋಗದ ಮಲವಾಗುತ್ತದೆ. ಅದಕ್ಕೇ ದಿನಾ ತೆಗೆಯಬೇಕು. ಬಸುರಿಯರು ಈ ಕೆಲಸ ಮಾಡಬಾರದು. ಮನೆಯ ಗಂಡಸರು ಮಾಡಲಿ, ತಪ್ಪೇನು? ಇದಕ್ಕಾಗಿ ಬೆಕ್ಕನ್ನೇ ಓಡಿಸಬೇಕಾಗಿಲ್ಲ. ಕೈ ತೊಳೆದು ಊಟ ಮಾಡಿದರೆ, ತರಕಾರಿ ತೊಳೆದು ಬಳಸಿದರೆ ಸಾಕು.

ಮೂರನೆಯದು ಆಟ. ಒಂದು ಕಂಬಕ್ಕೆ ಗೋಣಿತಟ್ಟು ಸುತ್ತಿ. ಅದರ ಮೇಲೆ ಉಗುರು ಕೆರೆದುಕೊಳ್ಳುತ್ತದೆ. ಬಿಸಿಲು ಬರುವ ಕಿಟಕಿಯ ಹತ್ತಿರ ಜಾಗ ಕೊಡಿ.

ನಾವು ಏನು ಹೇಳುತ್ತೇವೆ?

ಪೇಟೆಯಲ್ಲಿ, ದೊಡ್ಡ ರಸ್ತೆಯ ಪಕ್ಕ ಮನೆ ಇದ್ದರೆ ಬೆಕ್ಕು ಒಳಗೇ ಇರಲಿ. ಮರಿಯಿಂದಲೇ ರೂಢಿ ಮಾಡಿದರೆ ಒಗ್ಗಿಕೊಳ್ಳುತ್ತದೆ.

ಹಳ್ಳಿಯ ಮನೆಯಲ್ಲಿ ಪೂರ್ತಿ ಒಳಗೆ ಇಡುವುದು ಕಷ್ಟ. ಹೆಂಚಿನ ಸಂದಿಯಿಂದಲೂ ನುಸುಳಿ ಹೋಗುತ್ತದೆ. ಅದಕ್ಕೆ ನಡುದಾರಿ ಒಂದಿದೆ. ಹಗಲು ಹೊರಗೆ, ರಾತ್ರಿ ಒಳಗೆ. ದೀಪ ಹಚ್ಚುವ ಹೊತ್ತಿಗೆ ದಿನಾ ಒಂದೇ ಕೂಗು ಹಾಕಿ ಕರೆಯಿರಿ. ಊಟ ಹಾಕಿ. ಬಾಗಿಲು ಹಾಕಿ. ಕೆಲವು ವಾರದಲ್ಲಿ ತಾನಾಗಿಯೇ ಬರುತ್ತದೆ. ಇಲಿ ಮನೆಗೆ ನುಗ್ಗುವುದು ರಾತ್ರಿಯೇ ತಾನೇ? ಬೆಕ್ಕು ಆಗ ಒಳಗಿದ್ದರೆ ನಮ್ಮ ಕಾಳೂ ಉಳಿಯಿತು, ಅದರ ಜೀವವೂ ಉಳಿಯಿತು. ಹಿತ್ತಲಿನ ಹಕ್ಕಿಗಳಿಗೂ ಮುಂಜಾವದಲ್ಲಿ ನೆಮ್ಮದಿ.

ಒಳಗಿರಲಿ, ಹೊರಗಿರಲಿ, ಎರಡು ಕೆಲಸ ಆಗಲೇಬೇಕು.

ಒಂದು, ಲಸಿಕೆ. ಮರಿಗೆ ಮೂರು ತಿಂಗಳಾದಾಗ ಪಶು ಆಸ್ಪತ್ರೆಗೆ ಒಯ್ದು ರೇಬಿಸ್ ಲಸಿಕೆ ಹಾಕಿಸಿ. ಮುಂದಿನದು ಯಾವಾಗ ಅಂತ ಅಲ್ಲೇ ಬರೆಸಿಕೊಳ್ಳಿ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ದಿನ ಎಷ್ಟೋ ಕಡೆ ಪುಕ್ಕಟೆ ಹಾಕುತ್ತಾರೆ. ವಿಚಾರಿಸಿ.

ಎರಡು, ಸಂತಾನಹರಣ ಶಸ್ತ್ರಚಿಕಿತ್ಸೆ. ಹೆಣ್ಣು ಬೆಕ್ಕು ಆರು ತಿಂಗಳೊಳಗೇ ಬೆದೆಗೆ ಬರಬಹುದು. ಎರಡು ತಿಂಗಳಿಗೆ ಮರಿ ಹಾಕುತ್ತದೆ. ವರ್ಷಕ್ಕೆ ಎರಡು ಮೂರು ಸೂಲು. ಅಷ್ಟೂ ಮರಿಗಳನ್ನು ಸಾಕುವವರು ಯಾರು? ಗೋಣಿಚೀಲದಲ್ಲಿ ಹಾಕಿ ಊರಾಚೆ ಬಿಟ್ಟು ಬರುತ್ತಾರೆ. ಅವು ಹಸಿದು ಸಾಯುತ್ತವೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಹೀಗೆ ಬಿಟ್ಟು ಬರುವುದು ಅಪರಾಧ. ಶಸ್ತ್ರಚಿಕಿತ್ಸೆ ಮಾಡಿಸಿದರೆ ಈ ಪಾಪ ತಪ್ಪುತ್ತದೆ. ಗಂಡು ಬೆಕ್ಕಿಗೆ ಮಾಡಿಸಿದರೆ ಅದರ ತಿರುಗಾಟ, ಜಗಳ ಎರಡೂ ಕಡಿಮೆಯಾಗುತ್ತವೆ.

ನೆನಪಿಡೋಣ

ಬೆಕ್ಕು ಪರಚಿದರೂ ಸೋಪು ನೀರಿನಿಂದ 15 ನಿಮಿಷ ತೊಳೆಯಬೇಕು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.
ರಾತ್ರಿ ಬೆಕ್ಕು ಒಳಗಿರಲಿ.
ಇಲಿ ಪಾಷಾಣ ಇಡುವಾಗ ಪಕ್ಕದ ಮನೆಗೆ ಹೇಳಿ.
ನಮ್ಮ ಜ್ವರದ ಮಾತ್ರೆ ಬೆಕ್ಕಿಗೆ ವಿಷ. ಕೊಡಬೇಡಿ.

ಕೂಡಿ ಮಾತಾಡೋಣ

ನಿಮ್ಮ ಬೀದಿಯಲ್ಲಿ ಎಷ್ಟು ಸಾಕು ಬೆಕ್ಕುಗಳಿವೆ? ಎಷ್ಟಕ್ಕೆ ಲಸಿಕೆ ಆಗಿದೆ?
ಹತ್ತಿರದ ಪಶು ಆಸ್ಪತ್ರೆ ಎಲ್ಲಿದೆ? ನಾಲ್ಕು ಮನೆಯವರು ಕೂಡಿ ಒಂದೇ ದಿನ ಹೋಗಬಹುದೇ?
ನಿಮ್ಮ ಬೆಕ್ಕಿನ ಲಸಿಕೆಯ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ನೀವೇ ಬರೆಯಿರಿ.